ಗೌರವ್ವಗ ಬದ್ನಿಕಾಯಿ ಆಗಂಗಿಲ್ಲ

ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದಷ್ಟು ವರ್ಷವೂ, ಆಪರೇಶನ್ ಆದ ರೋಗಿ ಕಣ್ಣು ಬಿಡುವ ಹೊತ್ತಿಗೆ ಮೆಲ್ಲಗೆ ಕೆನ್ನೆ ತಟ್ಟಿ ನಾನು ಕೇಳುತ್ತಿದ್ದ ಮೊದಲ ಮಾತು ಒಂದೇ: ನಿಮ್ಮ ಹೆಸರೇನ್ರಿ? ಹೆಸರು ಹೇಳಿದರೆ ಎಚ್ಚರ ಬಂತು ಎಂದು ಬರೆದುಕೊಳ್ಳುತ್ತಿದ್ದೆವು. ಎಲ್ಲಿಗೋ ಹೋಗಿದ್ದ ಮನುಷ್ಯ ತಿರುಗಿ ಬಂದು ತಾನು ಯಾರೆಂದು ಹೇಳಿದ ಮೇಲೆ ಇನ್ನೇನು ಬೇಕು? ಕಳೆದ ವರ್ಷ ನನ್ನದೇ ಪಿತ್ತಕೋಶ ತೆಗೆದರು. ಮಂಪರಿನಲ್ಲಿ ಯಾರೋ ನನ್ನ ಕೆನ್ನೆ ತಟ್ಟುತ್ತಿದ್ದರು. ನನ್ನ ಮಗಳಷ್ಟೂ ವಯಸ್ಸಾಗಿರದ ಒಬ್ಬ ನರ್ಸ್ ಹುಡುಗಿ ಬಗ್ಗಿ ಕೇಳುತ್ತಿದ್ದಳು.

"ಅಜ್ಜೀ, ನಿಮ್ಮ ಹೆಸರೇನ್ರಿ? ಹೆಸರು ಹೇಳ್ರಿ ನೋಡೋಣ."

"ನನಗ ಬದ್ನಿಕಾಯಿ ನಡಿತೈತಿ."

ಆಕೆ ಮತ್ತೊಮ್ಮೆ ಕೇಳಿದಳಂತೆ, ನಾನು ಇನ್ನೂ ಜೋರಾಗಿ ಅದನ್ನೇ ಹೇಳಿದೆನಂತೆ. ವಾರ್ಡಿನವರೆಲ್ಲ ನಕ್ಕರು. ಬಾಗಿಲ ಬಳಿ ನಿಂತಿದ್ದ ನನ್ನ ಮಗಳು ಮಾತ್ರ ನಗಲಿಲ್ಲ, ಅವ್ವನ ತಲೆ ಕೆಟ್ಟಿತೆಂದು ಹೆದರಿ ಡಾಕ್ಟರನ್ನು ಕರೆಯಲು ಓಡಿದಳು. ಆಮೇಲೆ ನಾನೆಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ನನ್ನ ತಲೆಗೆ ಏನೂ ಆಗಿರಲಿಲ್ಲ. ನೀನು ಯಾರು ಎಂದು ಆ ಹುಡುಗಿ ಕೇಳಿದ್ದಳು, ನಾನು ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ. ಮಗಳಿಗೆ ಬಾಯಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಸಿಗುವ ಊರಿನಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ಹೊರಗೆ ಎರಡು ಕಟ್ಟೆ, ಒಳಗೆ ಎತ್ತುಗಳು, ಎತ್ತುಗಳನ್ನು ದಾಟಿದರೆ ನಾಲ್ಕು ಕಂಬದ ಪಡಸಾಲೆ, ಅದರಾಚೆ ಅಡುಗೆಮನೆ, ಅದರ ಪಕ್ಕ ಕತ್ತಲೆಯ ದೇವರ ಕೋಣೆ. ಪಡಸಾಲೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅದರಿಂದ ಬೀಳುವ ಬಿಸಿಲು ಎಲ್ಲಿಗೆ ಬಂತೆಂದು ನೋಡಿ ಅವ್ವ ಒಲೆ ಹೊತ್ತಿಸುತ್ತಿದ್ದಳು. ಅಜ್ಜಿ, ಅಂದರೆ ಅಪ್ಪನ ತಾಯಿ, ನಾನು ಹುಟ್ಟುವ ಐದು ತಿಂಗಳ ಮೊದಲು ಆ ಪಡಸಾಲೆಯಲ್ಲೇ ತೀರಿಕೊಂಡಳು. ಅಂದಿನಿಂದ ಅಜ್ಜ ಹೊರಗಿನ ಕಟ್ಟೆಯ ಮೇಲೆ ಕುಳಿತವನು ಮಾತು ಬಿಟ್ಟ, ಹೊಲ ಬಿಟ್ಟ. ಅರ್ಧ ರೊಟ್ಟಿ ಮುರಿದು ಕೈ ತೊಳೆದುಬಿಡುತ್ತಿದ್ದ. ಮುದುಕನೂ ಹೆಂಡತಿಯ ಹಿಂದೆ ಹೊರಟ ಎಂದು ಓಣಿಯವರೆಲ್ಲ ಮಾತಾಡಿಕೊಂಡರಂತೆ. ನಾನು ಹುಟ್ಟಿದ ದಿನ ಸೂಲಗಿತ್ತಿ ನನ್ನನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವನ ತೊಡೆಯ ಮೇಲೆ ಹಾಕಿದಳು. ನನ್ನ ಎಡಗಿವಿಯ ಕೆಳಗೆ ಎಳ್ಳುಕಾಳಿನಷ್ಟು ಮಚ್ಚೆ ಇದೆ. ಅಜ್ಜಿಗೂ ಅಲ್ಲೇ ಇತ್ತಂತೆ. ಅಜ್ಜ ಅದನ್ನು ಬೆರಳಿನಿಂದ ಒರೆಸಿ ನೋಡಿದ, ಹೋಗಲಿಲ್ಲ.

"ಬಂದ್ಯಾ?" ಎಂದ.

ಐದು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು ಅದು. ಆ ಸಂಜೆ ಎರಡು ರೊಟ್ಟಿ ಉಂಡ, ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಇಷ್ಟಾದ ಮೇಲೆ ಮುದುಕಿ ತಿರುಗಿ ಬಂದಿಲ್ಲ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿದ್ದೀತು? ಎಲ್ಲರೂ ಹೂಂ ಅಂದರು. ಆ ಹೂಂನಲ್ಲಿ ಅರ್ಧ ನಂಬಿಕೆ ಇತ್ತು, ಅರ್ಧ ಮುದುಕ ನಾಲ್ಕು ತುತ್ತು ಉಣ್ಣಲಿ ಎಂಬ ಆಸೆ ಇತ್ತು. ನನಗೆ ಅಜ್ಜಿಯ ಹೆಸರನ್ನೇ ಇಟ್ಟರು, ಗೌರವ್ವ.

ಹೀಗೆ ನಾನು ತೊಟ್ಟಿಲಲ್ಲಿದ್ದಾಗಲೇ ಮನೆಯ ಹಿರಿಯಳಾದೆ. ಇದರಿಂದ ನನಗಾದ ಲಾಭ ಕಡಿಮೆಯದಲ್ಲ. ಅವ್ವ ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅತ್ತೆಯ ಹೆಸರನ್ನು ಸೊಸೆಯಾದವಳು ಹೇಗೆ ಹೇಳುವುದು? ಅವಳ ಬಾಯಲ್ಲಿ ನಾನು ಕೊನೆಯವರೆಗೂ "ಕೂಸ" ಆಗಿಯೇ ಉಳಿದೆ. ಅಪ್ಪ "ಯವ್ವಾ" ಎನ್ನುತ್ತಿದ್ದ. ಒಮ್ಮೆ ಸಂಜೆ ಕರುವಿನ ಹಗ್ಗ ಬಿಚ್ಚಿಬಿಟ್ಟೆ, ಅದು ಎಮ್ಮೆಯ ಹಾಲನ್ನೆಲ್ಲ ಕುಡಿದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಅಪ್ಪ ಛಡಿ ಹಿಡಿದು ಬಂದ. ಕಟ್ಟೆಯ ಮೇಲಿಂದ ಅಜ್ಜ ಗುಡುಗಿದ.

"ಏನಲೇ, ಹಡದಾಕಿ ಮ್ಯಾಲೆ ಕೈ ಎತ್ತತಿಯಾ? ಬುದ್ಧಿ ಎಲ್ಲಿ ಇಟ್ಟಿ?"

ಎತ್ತಿದ ಛಡಿ ಎಲ್ಲಾದರೂ ಇಳಿಯಬೇಕಲ್ಲ, ಪಕ್ಕದಲ್ಲಿ ನಿಂತು ನಗುತ್ತಿದ್ದ ನನ್ನ ಅಣ್ಣ ಬಸವನ ಬೆನ್ನಿನ ಮೇಲೆ ಇಳಿಯಿತು. ಪಾಪ, ಅವನು ಎಷ್ಟೋ ದಿನ ನನ್ನ ಕೂಡ ಮಾತು ಬಿಟ್ಟಿದ್ದ. ಅವನಿಗೆ ನಾನು ತಂಗಿಯಾಗಿದ್ದಕ್ಕಿಂತ ಅಪ್ಪನಿಗೆ ತಾಯಿಯಾಗಿದ್ದದ್ದೇ ದೊಡ್ಡ ಸಂಕಟ. ಸಿಟ್ಟು ಬಂದಾಗ "ಏ ಮುದುಕಿ, ಹಲ್ಲ ಎಲ್ಲಿ ಇಟ್ಟಿ?" ಎಂದು ಕಾಡುತ್ತಿದ್ದ. ಆಗ ನನಗೆ ಹಾಲುಹಲ್ಲು ಬಿದ್ದಿದ್ದವು, ಏನೂ ಹೇಳುವ ಹಾಗಿರಲಿಲ್ಲ.

ಹಿರಿತನಕ್ಕೆ ಕಟ್ಟಳೆಗಳೂ ಇದ್ದವು. ಅಜ್ಜಿ ಬೀಸುಕಲ್ಲಿನ ಪಕ್ಕದ ಕಂಬಕ್ಕೆ ಒರಗಿ ಕೂಡುತ್ತಿದ್ದಳು, ನಾನೂ ಅಲ್ಲೇ ಕೂಡಬೇಕು. ಅವಳ ಕಂಚಿನ ಗಂಗಾಳದಲ್ಲೇ ಉಣ್ಣಬೇಕು, ಅದರ ಅಂಚು ನನ್ನ ಗದ್ದಕ್ಕೆ ಬರುತ್ತಿತ್ತು. ಅವಳಿಗೆ ಬೆಲ್ಲ ಇಷ್ಟ, ನನಗೂ ಇಷ್ಟವೆಂದು ಎಲ್ಲರೂ ತೀರ್ಮಾನಿಸಿದ್ದರು. ಬೆಲ್ಲದ ವಿಷಯದಲ್ಲಿ ನಾನು ಜಗಳ ತೆಗೆಯಲಿಲ್ಲ. ಆದರೆ ಬದನೆಕಾಯಿ. ಅಜ್ಜಿಗೆ ಬದನೆಕಾಯಿ ಆಗುತ್ತಿರಲಿಲ್ಲ, ಒಂದು ಹೋಳು ಬಾಯಿಗೆ ಹೋದರೆ ತುಟಿ ಊದಿ ಮೈಯೆಲ್ಲ ತುರಿಕೆ ಏಳುತ್ತಿತ್ತಂತೆ. ಹಾಗಾಗಿ ನನಗೂ ಇಲ್ಲ. ನಮ್ಮ ಕಡೆಯ ಊಟ ಗೊತ್ತಿದ್ದವರಿಗೆ ಇದು ಎಂಥ ಶಿಕ್ಷೆಯೆಂದು ಹೇಳಬೇಕಿಲ್ಲ. ಎಳೆಯ ಮುಳ್ಳುಗಾಯಿಗೆ ನಾಲ್ಕು ಸೀಳು ಹಾಕಿ, ಶೇಂಗಾ ಪುಡಿ ಗುರೆಳ್ಳು ಪುಡಿ ತುಂಬಿ, ಎಣ್ಣೆ ತೇಲುವ ತನಕ ಅವ್ವ ಎಣ್ಣೆಗಾಯಿ ಕುದಿಸುತ್ತಿದ್ದಳು. ಅದರ ವಾಸನೆಗೆ ಎತ್ತು ಕೂಡ ತಲೆ ಎತ್ತುತ್ತಿತ್ತು. ಎಲ್ಲರ ರೊಟ್ಟಿಯ ಮೇಲೂ ಅದು ಬೀಳುತ್ತಿತ್ತು, ನನ್ನ ಗಂಗಾಳಕ್ಕೆ ಮಾತ್ರ ಬರೀ ಬೇಳೆ.

"ಗೌರವ್ವಗ ಬದ್ನಿಕಾಯಿ ಆಗಂಗಿಲ್ಲ," ಎಂದು ಅಜ್ಜ ಪ್ರತಿ ಸಲ ಎಲ್ಲರಿಗೂ ನೆನಪಿಸುತ್ತಿದ್ದ.

ಸಂಜೆ ದನಗಳು ಬಂದ ಮೇಲೆ ಅಜ್ಜ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಿಗೆ ತೊಡಗುತ್ತಿದ್ದ. ಅವು ಕತೆಗಳಲ್ಲ. ಗಂಡ ಹೆಂಡತಿ ಹಳೆಯದನ್ನು ನೆನೆಸಿಕೊಂಡು ಕೂಡುತ್ತಾರಲ್ಲ, ಹಾಗೆ. ಅಜ್ಜಿಯ ತವರು ಇಟಗಿಯ ಕಡೆ. ಮದುವೆಯಾಗಿ ಬರುವಾಗ ಚಕ್ಕಡಿ ನಿಲ್ಲಿಸಿ, ಇಟಗಿಯ ಗುಡಿಯ ಹೊಂಡದಲ್ಲಿ ಎತ್ತುಗಳಿಗೆ ನೀರು ಕುಡಿಸಿದ್ದರಂತೆ.

"ಆಗ ನಿನ್ನ ಕಾಲಾಗಿನ ಒಂದು ಪಿಲ್ಲಿ ನೀರಾಗ ಬಿತ್ತು. ನೀ ಅಳಾಕ ಹತ್ತಿದಿ. ನಾ ಇಳದು ಹುಡುಕಿ ತಂದೆ. ನೆನಪೈತಿಲ್ಲೋ?"

"ಐತಿ," ಎನ್ನುತ್ತಿದ್ದೆ ನಾನು.

ಸುಳ್ಳು ಹೇಳುತ್ತಿರಲಿಲ್ಲ. ಅದೇ ಮಾತು ನೂರು ಸಲ ಕೇಳಿದ ಮೇಲೆ ನನಗೆ ನಿಜವಾಗಿಯೂ ನೆನಪಿತ್ತು. ಇಂದಿಗೂ ಇದೆ. ಕಾಲುಂಗುರ ಬೆರಳಿನಿಂದ ಜಾರುವ ತಂಪು, ಪಾಚಿಗಟ್ಟಿದ ಮೆಟ್ಟಿಲು, ಮೊಣಕಾಲುದ್ದ ನೀರಿನಲ್ಲಿ ಬಗ್ಗಿದ ಹರೆಯದ ಹುಡುಗನ ಬೆನ್ನು. ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಇಟಗಿಗೆ ಹೋದೆ. ಗುಡಿಯ ಹೊಂಡದ ಮುಂದೆ ನಿಂತು ನೋಡಿದರೆ, ನನ್ನ ನೆನಪಿನ ಹೊಂಡಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ನನ್ನ ನೆನಪಿನದು ನಮ್ಮೂರಿನ ಮೆಟ್ಟಿಲುಬಾವಿ. ನೋಡದ ಜಾಗಕ್ಕೆ ನೋಡಿದ ಜಾಗವನ್ನು ತಂದು ಕೂರಿಸಿ ನನ್ನ ತಲೆ ಅಜ್ಜಿಯ ಬದುಕನ್ನು ಕಟ್ಟಿಕೊಟ್ಟಿತ್ತು. ನೆನಪುಗಳೇ ಮನುಷ್ಯ ಎಂದು ಹೇಳುವ ಓದಿದವರನ್ನು ಕಂಡಿದ್ದೇನೆ. ನಾನು ಒಪ್ಪುವುದಿಲ್ಲ ಮಾರಾಯರೇ. ನನ್ನ ಬದುಕಿನ ಮೊಟ್ಟಮೊದಲ ನೆನಪೇ ಇನ್ನೊಬ್ಬಳದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಜ್ಜ ನನ್ನನ್ನು ದಿನಕ್ಕೆ ನೂರು ಸಲ ಕರೆಯುತ್ತಿದ್ದ. ಗೌರವ್ವ ನೀರು ಕೊಡು, ಗೌರವ್ವ ಬಾ ಇಲ್ಲಿ, ಗೌರವ್ವ ಉಂಡ್ಯಾ. ಆದರೆ ಅಜ್ಜಿ ಬದುಕಿದ್ದಷ್ಟು ದಿನ ಅವನು ಆ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲವಂತೆ. ಆಗಿನ ಗಂಡಂದಿರು ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ. "ಏ, ಇಲ್ನೋಡ" ಎನ್ನುತ್ತಿದ್ದ, ಅವಳು ಬರುತ್ತಿದ್ದಳು, ಅಷ್ಟೇ ಅವರ ಸಂಸಾರ. ಇದನ್ನು ಅವ್ವ ರೊಟ್ಟಿ ಬಡಿಯುತ್ತ ನಗುನಗುತ್ತ ನನಗೆ ಹೇಳಿದ್ದಳು.

ಎಂಟನೆಯ ವಯಸ್ಸಿನಲ್ಲಿ ನಾನು ಬದನೆಕಾಯಿ ತಿಂದೆ. ಎದುರುಮನೆಯ ಶಾಂತವ್ವ ದೊಡ್ಡವ್ವನಿಗೆ ನಮ್ಮ ಮನೆಯ ಈ ಕಟ್ಟಳೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮರೆತಳೋ, ಸಾಲೆಯಿಂದ ಬರುತ್ತಿದ್ದ ನನ್ನನ್ನು ಕರೆದು ಬಿಸಿ ಸಜ್ಜೆರೊಟ್ಟಿಯ ಮೇಲೆ ಒಂದು ಇಡೀ ಎಣ್ಣೆಗಾಯಿ ಹಾಕಿ ಕೊಟ್ಟಳು. ಬೇಡ ಎನ್ನಬೇಕಿತ್ತು, ಬಾಯಿ ಕೇಳಲಿಲ್ಲ. ತೊಟ್ಟು ಹಿಡಿದು ಚೀಪಿದೆ. ಅಯ್ಯೋ ದೇವರೇ, ಎಂಟು ವರ್ಷ ನನಗೆ ಬೇಳೆ ಹಾಕಿ ಮೋಸ ಮಾಡಿದ್ದರಲ್ಲ! ಆಮೇಲೆ ಹೆದರಿಕೆ ಹತ್ತಿತು. ಮನೆಗೆ ಓಡಿ, ಅಪ್ಪ ಗಡ್ಡ ಬೋಳಿಸಿಕೊಳ್ಳುವ ಕನ್ನಡಿ ತೆಗೆದುಕೊಂಡು ಹಿತ್ತಲಲ್ಲಿ ಬಣವೆಯ ಹಿಂದೆ ಕುಳಿತೆ. ಈಗ ಊದುತ್ತದೆ, ಈಗ ಊದುತ್ತದೆ ಎಂದು ತುಟಿಯನ್ನೇ ನೋಡಿದೆ. ಬಿಸಿಲು ಗೋಡೆ ಹತ್ತಿ ಇಳಿಯಿತು. ತುಟಿ ಊದಲಿಲ್ಲ, ಮೈ ತುರಿಸಲಿಲ್ಲ. ಆಗ ನನಗೆ ಏನಾಯಿತೆಂದು ಹೇಳಲು ಇಷ್ಟು ವಯಸ್ಸಾದರೂ ತಿಣುಕಾಡುತ್ತೇನೆ. ಕನ್ನಡಿಯೊಳಗೆ ಒಬ್ಬಳು ನನ್ನನ್ನು ನೋಡುತ್ತಿದ್ದಳು. ಅವಳಿಗೆ ಬದನೆಕಾಯಿ ಸೇರುತ್ತಿತ್ತು. ಅವಳು ಇದ್ದಾಳೆಂಬುದು ಅಜ್ಜನಿಗೆ ಗೊತ್ತಿಲ್ಲ, ಅವ್ವನಿಗೆ ಗೊತ್ತಿಲ್ಲ, ಇಡೀ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು. ಖುಷಿಯಾಗಿ ಒಬ್ಬಳೇ ನಕ್ಕೆ, ಮರುಗಳಿಗೆ ಅಳು ಬಂತು. ನಾನು ಅಜ್ಜಿಯಲ್ಲದಿದ್ದರೆ ಅಜ್ಜಿ ಸತ್ತೇ ಹೋಗಿದ್ದಾಳೆ, ಹಾಗೆಂದು ಗೊತ್ತಾದರೆ ಅಜ್ಜ ಮತ್ತೆ ಉಣ್ಣುವುದು ಬಿಡುತ್ತಾನೆ. ಕನ್ನಡಿಯನ್ನು ಮೊಳೆಗೆ ಸಿಕ್ಕಿಸಿ ಬಂದು ಸುಮ್ಮನಾದೆ.

ಒಂದು ವರ್ಷ ಸುಮ್ಮನಿದ್ದೆ. ನಡುನಡುವೆ ಶಾಂತವ್ವ ದೊಡ್ಡವ್ವನ ಮನೆಗೆ ಹೋಗಿ ತಿಂದು, ಬಾಯಿ ತೊಳೆದು ಬರುತ್ತಿದ್ದೆ. ಅಜ್ಜ ನೆನಪೈತಿಲ್ಲೋ ಎಂದರೆ ಐತಿ ಎನ್ನುತ್ತಿದ್ದೆ, ಆದರೆ ಹೇಳುವಾಗ ಅವನ ಮುಖ ನೋಡಲು ಆಗುತ್ತಿರಲಿಲ್ಲ. ನಿನಗೆ ಮೈ ಹುಷಾರಿಲ್ಲವೇ ಎಂದು ಅವನೇ ಹಣೆ ಮುಟ್ಟಿ ನೋಡುತ್ತಿದ್ದ.

ಮಹಾನವಮಿಗೆ ಮೊದಲು ನಮ್ಮಲ್ಲಿ ಹಿರಿಯರ ಹಬ್ಬ. ತೀರಿಹೋದ ಒಬ್ಬೊಬ್ಬರಿಗೂ ದೇವರ ಕೋಣೆಯಲ್ಲಿ ಒಂದೊಂದು ಎಲೆ ಹಾಸಿ ಎಡೆ ಇಟ್ಟು, ಧೂಪ ಹಾಕಿ, ಉಣ್ಣಲು ಕರೆದು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಹೋಗಿ ಕೂಡುತ್ತಾರೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಒಳಗೆ ಇಣುಕಬಾರದು. ನಮ್ಮ ಮನೆಯಲ್ಲಿ ಅಜ್ಜನ ಅಪ್ಪ ಅವ್ವನಿಗೆ, ಹರೆಯದಲ್ಲೇ ಸತ್ತ ಅವನ ತಮ್ಮನಿಗೆ ಎಡೆ ಇರುತ್ತಿತ್ತು. ಅಜ್ಜಿಗೆ ಇರಲಿಲ್ಲ. ಅವಳು ಮನೆಯಲ್ಲೇ ಇರುವಾಗ ಎಡೆ ಯಾಕೆ? ಅಜ್ಜ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಮೂರು ಎಡೆಗಳ ಪಕ್ಕದಲ್ಲಿ ನನ್ನ ಗಂಗಾಳ ಇಟ್ಟು, ನನ್ನನ್ನು ಅಲ್ಲಿ ಕೂರಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡುತ್ತಿದ್ದ. ಪ್ರತಿ ವರ್ಷ ನಾನು ಮೂವರು ಸತ್ತವರ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಣ್ಣುತ್ತಿದ್ದೆ. ಹೆದರಿಕೆಯೇನೂ ಆಗುತ್ತಿರಲಿಲ್ಲ, ಅವರು ಮಾತಾಡುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಾದಾಗಿನ ಹಬ್ಬಕ್ಕೂ ಸೋದರತ್ತೆ ನೀಲವ್ವ ಸಿದ್ದಾಪುರದಿಂದ ಬಂದಳು, ಎಂದಿನಂತೆ ತಮ್ಮ ಗದ್ದೆಯ ಸಣ್ಣಕ್ಕಿಯ ಗಂಟು ಹೊತ್ತು. ಆಕೆ ಅಜ್ಜನ ಒಬ್ಬಳೇ ಮಗಳು. ಪ್ರತಿ ಹಬ್ಬಕ್ಕೂ ಬಂದು ತನ್ನ ಅಪ್ಪನ ಜೊತೆ ಇದೇ ಜಗಳ ಆಡುತ್ತಿದ್ದಳು.

"ಅಪ್ಪಾ, ಈ ವರ್ಷರ ನಮ್ಮವ್ವಗ ಒಂದು ಎಡಿ ಹಿಡಿಯೂಣು."

"ನಿಮ್ಮವ್ವ ಅಲ್ಲಿ ಕುಂತು ಬೆಲ್ಲ ತಿನ್ನಾಕ ಹತ್ಯಾಳ. ಕಣ್ಣು ಕಾಣವಲ್ಲವೇನು ನಿನಗ?"

ಆ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ಕೈ ಒಮ್ಮೆಲೇ ನಿಂತಿತು. ಹಿಂದೆ ಹೊರಳಿ ನೋಡಿದರೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಯಾಕತ್ತಿ?"

"ಏನಿಲ್ಲ ತಗಿ. ಒಂಬತ್ತು ವರ್ಷಾತು, ಎಲ್ಲಾರೂ ಉಂಡ ಹೋಗ್ತಾರ, ನಮ್ಮವ್ವ ಒಬ್ಬಾಕಿ ಹೊರಗ ನಿಂತಿರ್ತಾಳೇನೋ ಅನಸ್ತೈತಿ. ಅಪ್ಪ ನೋಡಿದ್ರ ನೀನ ಅವ್ವ ಅಂತಾನ. ನೀ ಅವ್ವ ಆಗಿದ್ರ, ನಿನ್ನ ತಲಿ ಬಾಚಕೋತ ಕುಂತಾಗೂ ನನಗ ಅಕಿ ಯಾಕಿಷ್ಟು ನೆನಪಾಕ್ಕಾಳ, ಹೇಳ?"

ನನಗೆ ಉತ್ತರ ಗೊತ್ತಿತ್ತು. ಆ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನ್ನಿಂದಾಗಿ ಒಬ್ಬ ಮುದುಕಿ ತನ್ನ ಮನೆಯ ಬಾಗಿಲಲ್ಲೇ ಹಸಿದು ನಿಂತಿದ್ದಾಳೆ. ಹೇಳಿದರೆ ಅಜ್ಜ, ಹೇಳದಿದ್ದರೆ ಅತ್ತೆ.

ಮಧ್ಯಾಹ್ನ ಎಡೆ ಇಟ್ಟರು. ಹೋಳಿಗೆ, ಅನ್ನ, ಕಟ್ಟಿನ ಸಾರು, ಪುಂಡಿಪಲ್ಯ, ಒಂದೊಂದು ಎಲೆಗೆ ಎರಡೆರಡು ಎಣ್ಣೆಗಾಯಿ. ನನ್ನ ಗಂಗಾಳಕ್ಕೆ ಬೇಳೆ. ಬಾಗಿಲು ಮುಂದಾಯಿತು. ದೀಪದ ಬೆಳಕಿನಲ್ಲಿ ನಾನು, ಮುತ್ತಜ್ಜ, ಮುತ್ತಜ್ಜಿ, ಸಣ್ಣಜ್ಜ. ಮುತ್ತಜ್ಜನ ಎಲೆ ನನ್ನ ಮಗ್ಗುಲಲ್ಲೇ ಇತ್ತು. ಅತ್ತೆಗಾಗಿ ಆ ಕೆಲಸ ಮಾಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ನಿಜವಲ್ಲ. ಅತ್ತೆಯ ಅಳುವೂ ಇತ್ತು, ಎಣ್ಣೆಗಾಯಿಯ ವಾಸನೆಯೂ ಇತ್ತು. ಕೈ ಚಾಚಿ ಒಂದನ್ನು ಎತ್ತಿಕೊಂಡು ತಿಂದೆ. ತೊಟ್ಟನ್ನು ಅವನ ಎಲೆಯ ಮೇಲೆ ಮರ್ಯಾದೆಯಿಂದ ತಿರುಗಿ ಇಟ್ಟೆ.

ಬಾಗಿಲು ತೆಗೆದ ಅಪ್ಪನ ಕಣ್ಣು ಮೊದಲು ಬಿದ್ದದ್ದೇ ಆ ತೊಟ್ಟಿನ ಮೇಲೆ. ಅವನು ಅಲ್ಲಿಂದಲೇ ಕೂಗಿದ.

"ಯಪ್ಪಾ! ಹಿರೇರು ಉಂಡಾರ! ಬರ್ರಿ ಇಲ್ಲೆ, ನೋಡ್ರಿ, ಬದ್ನಿಕಾಯಿ ಉಂಡಾರ!"

ಎಲ್ಲರೂ ನುಗ್ಗಿದರು. ಅವ್ವ ನೆಲಕ್ಕೆ ಹಣೆ ಹಚ್ಚಿದಳು. ಬಸವ ಕಣ್ಣು ಪಿಳಿಪಿಳಿ ಬಿಟ್ಟ. ಅಜ್ಜ ಗಲ್ಲ ಗಲ್ಲ ಬಡಿದುಕೊಂಡು "ಅಪ್ಪಾ, ಬಂದ್ಯಪಾ" ಎನ್ನುತ್ತಿದ್ದ, ಅವನ ಕಣ್ಣಲ್ಲಿ ನೀರು. ಸುಮ್ಮನಿದ್ದರೆ ಮುಗಿದಿತ್ತು, ಆ ಮಾತು ಕುಷ್ಟಗಿಯವರೆಗೂ ಹಬ್ಬಿ ನಮ್ಮ ಮನೆಯ ಹಿರಿಯರಿಗೆ ಹೆಸರು ಬರುತ್ತಿತ್ತು. ಆದರೆ ಅತ್ತೆ ಎಲ್ಲರ ಹಿಂದೆ ನಿಂತು, ಉಂಡುಹೋದವರ ಎಲೆಯನ್ನೇ ನೋಡುತ್ತಿದ್ದಳು.

"ಮುತ್ತಜ್ಜ ಅಲ್ಲ," ಎಂದೆ. "ನಾ ತಿಂದೀನಿ."

ಎಡೆಗೆ ಕೈ ಹಾಕಿದ್ದು ಚಿಕ್ಕ ತಪ್ಪಲ್ಲ, ಆದರೆ ಆ ಗಳಿಗೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಜ್ಜ ನನ್ನ ರಟ್ಟೆ ಹಿಡಿದು ಪಡಸಾಲೆಗೆ ಎಳೆದುಕೊಂಡು ಬಂದು ಬೆಳಕಿಂಡಿಯ ಕೆಳಗೆ ನಿಲ್ಲಿಸಿದ. ಗದ್ದ ಎತ್ತಿ ಹೆಬ್ಬೆರಳಿನಿಂದ ತುಟಿ ಒರೆಸಿ ನೋಡಿದ. ಹುಟ್ಟಿದ ದಿನ ಮಚ್ಚೆ ಒರೆಸಿ ನೋಡಿದ್ದನಲ್ಲ, ಅದೇ ಬೆರಳು. ಅವ್ವ ಮಜ್ಜಿಗೆ ತರಲು ಓಡಿದಳು, ಅವನು ಕೈ ತೋರಿಸಿ ನಿಲ್ಲಿಸಿದ. ನನ್ನನ್ನು ಎದುರಿಗೆ ಕೂರಿಸಿಕೊಂಡು ತಾನೂ ಕುಳಿತ. ನೆಲದ ಮೇಲಿನ ಬಿಸಿಲು ನನ್ನ ಕಾಲ ಬಳಿ ಇದ್ದದ್ದು ಬೀಸುಕಲ್ಲಿನವರೆಗೆ ಸರಿಯಿತು. ತುಟಿ ಊದಲಿ ದೇವರೇ, ಸ್ವಲ್ಪವಾದರೂ ಊದಲಿ ಎಂದು ಒಳಗೇ ಬೇಡಿಕೊಂಡೆ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

"ಮೊದಲೂ ತಿಂದೀನಜ್ಜ. ಶಾಂತವ್ವ ದೊಡ್ಡವ್ವನ ಮನ್ಯಾಗ. ಭಾಳ ಸಲ."

"ತುರಸಲಿಲ್ಲ?"

"ಇಲ್ಲ."

ಅಜ್ಜ ತಲೆ ತಗ್ಗಿಸಿದ. ಕೊನೆಗೆ ನನ್ನ ಮಂಡಿಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದ.

"ಛಲೋ ಅನಸ್ತೈತೇನು?"

"ಭಾಳ ಛಲೋ ಅನಸ್ತೈತಜ್ಜ," ಎಂದು ನಾನು ಗಳಗಳ ಅತ್ತೆ.

"ಅಳಬ್ಯಾಡ. ತಿನ್ನೂದಕ್ಕ ಯಾಕ ಅಳತಿ?" ಎಂದವನು ಎದ್ದು, ಕಂಬಕ್ಕೆ ಕೈ ಕೊಟ್ಟು ನಿಂತು, ಅಡುಗೆಮನೆಯ ಕಡೆ ಕೂಗಿದ. "ಕೂಸಿಗೆ ಇನ್ನೆರಡು ಎಣ್ಣಿಗಾಯಿ ಹಾಕ್ರಿ." ಆಮೇಲೆ ಅತ್ತೆಯ ಕಡೆ ಹೊರಳಿದ. "ನೀಲವ್ವ, ನಿಮ್ಮವ್ವಗ ಒಂದು ಎಡಿ ಹಿಡಿಯವ್ವ. ಬದ್ನಿಕಾಯಿ ಹಾಕಬ್ಯಾಡ ಮತ್ತ."

ಅತ್ತೆ ಅಳುತ್ತಲೇ ಎಲೆ ಹಾಸಿದಳು, ಬೆಲ್ಲದ ದೊಡ್ಡ ಹೆಂಟೆಯೊಂದನ್ನು ತುದಿಯಲ್ಲಿಟ್ಟಳು. ಈ ಸಲ ನಾನೂ ಎಲ್ಲರ ಜೊತೆ ಹೊರಗೆ ಬಂದು ಕಟ್ಟೆಯ ಮೇಲೆ ಬಸವನ ಪಕ್ಕ ಕುಳಿತೆ. ಅವನು ಸರಿದು ನನಗೆ ಜಾಗ ಬಿಟ್ಟ. ಎಡೆಗೆ ಕರೆಯಬೇಕಾದವನು ಅಜ್ಜ, ಅವನೊಬ್ಬನೇ ಒಳಗೆ ಉಳಿದಿದ್ದ. ಅವನು ಗೌರವ್ವ ಎಂದು ಕೂಗುತ್ತಾನೆ, ಅಭ್ಯಾಸಬಲದಿಂದ ನಾನು ಎಲ್ಲಿ ಓ ಎಂದುಬಿಡುತ್ತೇನೋ ಎಂದು ಹೆದರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತೆ. ಆಮೇಲೆ ಅಜ್ಜನ ದನಿ ಬಂತು. ನಾನು ಎಂದೂ ಕೇಳಿರದ, ಹರೆಯದ ಹುಡುಗನ ಹಾಗೆ ನಾಚಿದ ದನಿ.

"ಏ... ಇಲ್ನೋಡ. ಉಣ್ಣು ಬಾ."

ನಾನು ಅಲುಗಾಡಲಿಲ್ಲ. ಆ ಕರೆ ನನ್ನದಾಗಿರಲಿಲ್ಲ. ಅಜ್ಜ ಹೊರಗೆ ಬಂದು ಬಾಗಿಲು ಮುಂದೆ ಮಾಡಿದ, ಕಟ್ಟೆಯ ಮೇಲೆ ಕುಳಿತು ಟವಲಿನಿಂದ ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡಿದ.

"ಗೌರವ್ವ, ಒಂದು ಚರಿಗಿ ನೀರು ತಾ."

"ಓ, ಈಗ ತಂದೆ ಅಜ್ಜ," ಎಂದು ನಾನು ಎದ್ದು ಓಡಿದೆ.